ಓದುಗರ ಪ್ರಶ್ನೆ: ಕ್ಲಬ್ಬಿನಲ್ಲಿ ಕಮಿಟಿ ಕೊಟ್ಟಿದ್ದಾರೆ, ಈಗ ಏನು ಮಾಡಲಿ?

ಜುಲೈ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಹಿಳೆಯರ ಸೇವಾ ಸಂಸ್ಥೆಯಾದ ಇನ್ನರ್ ವೀಲ್‌ನ ಕ್ಲಬ್ಬುಗಳಲ್ಲಿ ಜುಲೈ 1ಕ್ಕೆ ಹೊಸ ವರ್ಷ, ಪದಗ್ರಹಣ, ಹೊಸ ಕಮಿಟಿಗಳು. ಎಷ್ಟೋ ಊರುಗಳ ಮಹಿಳಾ ಸಮಾಜಗಳಲ್ಲೂ ಮಾರ್ಚ್ ಲೆಕ್ಕ ಮುಗಿಸಿ ವಾರ್ಷಿಕ ಸಭೆ ಮಾಡುವುದು ಹೆಚ್ಚುಕಡಿಮೆ ಇದರ ಆಸುಪಾಸಿನಲ್ಲೇ. ನಾನು ಇಪ್ಪತ್ತಾರು ವರ್ಷದಿಂದ ಇಂಥ ಒಂದು ಕ್ಲಬ್ಬಿನಲ್ಲಿದ್ದೇನೆ, ಹೆಚ್ಚುಕಡಿಮೆ ಎಲ್ಲ ಕಮಿಟಿಗಳಲ್ಲೂ ಕೆಲಸ ಮಾಡಿದ್ದೇನೆ. ಈ ಸಲದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಕ್ಲಬ್ ಸೇರಿ ಎಂಟು ತಿಂಗಳಾಯಿತು. ಪದಗ್ರಹಣದ ದಿನ ನನ್ನ ಹೆಸರು ಕೂಗಿ, ಆರೋಗ್ಯ ಸಮಿತಿಯ ಸಂಚಾಲಕಿ ಅಂದರು. ಹೂವು ಕೊಟ್ಟರು, ಫೋಟೊ ತೆಗೆದರು. ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಲ್ಲ. ಕೇಳಿದರೆ "ಮಾಡ್ತಾ ಮಾಡ್ತಾ ಗೊತ್ತಾಗುತ್ತೆ" ಅಂತಾರೆ. — ತಿಪಟೂರಿನಿಂದ ಒಬ್ಬ ಓದುಗರು

ಮಾಡ್ತಾ ಮಾಡ್ತಾ ಗೊತ್ತಾಗುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಹಾಗಾಗಿ ಕಾಯಬೇಡಿ. ಮೊದಲು ಹೋದ ವರ್ಷದ ಸಂಚಾಲಕಿಯ ಮನೆಗೆ ಹೋಗಿ. ಫೋನ್ ಸಾಲದು, ಹೋಗಿಯೇ ಕೂತು ಮಾತಾಡಿ. ಫೈಲು ಇದ್ದರೆ ಇಸಕೊಳ್ಳಿ. ಇಲ್ಲದಿದ್ದರೆ ಯಾವ ಡಾಕ್ಟರು ಕರೆದರೆ ಬರುತ್ತಾರೆ, ಯಾವ ಶಾಲೆಯ ಹೆಡ್ ಮೇಡಂ ಜಾಗ ಕೊಡುತ್ತಾರೆ, ಎಷ್ಟು ದುಡ್ಡು ಖರ್ಚಾಯಿತು, ಎಲ್ಲಿ ಎಡವಟ್ಟಾಯಿತು, ಇಷ್ಟನ್ನೂ ಕೇಳಿ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಪುಸ್ತಕವೇ ನಿಮ್ಮ ಫೈಲು. ಮುಂದಿನ ವರ್ಷ ಅದನ್ನು ಇನ್ನೊಬ್ಬರ ಕೈಗೆ ಕೊಡಬೇಕು.

ಆಮೇಲೆ ಅಧ್ಯಕ್ಷೆಯ ಹತ್ತಿರ ಹೋಗಿ ಬರವಣಿಗೆಯಲ್ಲಿ ಕೇಳಿ: ಈ ವರ್ಷ ನನ್ನ ಸಮಿತಿಯಿಂದ ಏನಾಗಬೇಕು, ಯಾವ ತಿಂಗಳೊಳಗೆ, ಕೇಳದೆ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು? ನನ್ನ ಅನುಭವದಲ್ಲಿ ಕಮಿಟಿಗಳ ಮುಕ್ಕಾಲು ಪಾಲು ಜಗಳ ಹುಟ್ಟುವುದು ಈ ಮೂರು ವಿಷಯ ಮೊದಲೇ ಮಾತಾಡದೆ ಇರುವುದರಿಂದ. ಕ್ಲಬ್ಬಿನ ನಡೆ ಸಾಮಾನ್ಯವಾಗಿ ಹೀಗಿರುತ್ತದೆ. ಸಮಿತಿ ಯೋಚನೆ ಮಾಡಿ ಯೋಜನೆ ತರುತ್ತದೆ, ತಿಂಗಳಿಗೊಮ್ಮೆ ಕೂರುವ ಕಾರ್ಯಕಾರಿ ಸಮಿತಿ ಅದನ್ನು ನೋಡಿ ಒಪ್ಪುತ್ತದೆ ಇಲ್ಲವೇ ತಿದ್ದುತ್ತದೆ, ಆಮೇಲೆ ಮಾಡುವುದು ಮತ್ತೆ ಸಮಿತಿಯ ಕೆಲಸ. ಸಮಿತಿಗೆ ನಾಲ್ಕೈದು ಜನ ಸಾಕು. ಹನ್ನೆರಡು ಹೆಸರು ಬರೆದರೆ ಹನ್ನೊಂದು ಜನ ಉಳಿದವರು ಮಾಡುತ್ತಾರೆ ಅಂದುಕೊಳ್ಳುತ್ತಾರೆ.

ನಿಮ್ಮದು ಆರೋಗ್ಯ ಸಮಿತಿ ಆದ್ದರಿಂದ ನಮ್ಮಲ್ಲಿ ನಡೆದದ್ದು ಒಂದು ಹೇಳಬೇಕು. ನಾವು ಪ್ರತಿ ವರ್ಷ ರಕ್ತದಾನ ಶಿಬಿರ ಮಾಡುತ್ತಿದ್ದೆವು. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು, ತೂಕ ಕನಿಷ್ಠ 45 ಕಿಲೊ ಇರಬೇಕು, ಹೆಂಗಸರಾದರೆ ಹಿಂದಿನ ಸಲ ಕೊಟ್ಟು 120 ದಿನ ಆಗಿರಬೇಕು. ಒಂದು ವರ್ಷ ನಾನು ನೋಂದಣಿ ಟೇಬಲ್ಲಿನಲ್ಲಿ ಕೂತಿದ್ದೆ. ಬಂದ ಹೆಂಗಸರಲ್ಲಿ ಹಲವರು ಒಬ್ಬೊಬ್ಬರಾಗಿ ವಾಪಸ್ ಹೋಗುತ್ತಿದ್ದರು. ಒಬ್ಬರಿಗೆ 9, ಇನ್ನೊಬ್ಬರಿಗೆ 8.5. ಹೂ ಮಾರುವ ಒಬ್ಬ ಹುಡುಗಿ "ಕೊಡಕ್ಕೇ ಆಗಲ್ವಾ ಅಕ್ಕ?" ಅಂತ ಬೇಜಾರಿನಿಂದ ಎದ್ದು ಹೋದಳು. ಸಂಜೆ ಎಷ್ಟು ಯೂನಿಟ್ ಬಂತು ಅಂತ ಲೆಕ್ಕ ಹಾಕಿದೆವು, ವಾಪಸ್ ಹೋದವರ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಅದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಮುಂದಿನ ವರ್ಷ ನಮ್ಮ ಸಮಿತಿ ವಾಪಸ್ ಹೋದವರಿಗೇ ಬೇರೆ ಪುಸ್ತಕ ಇಟ್ಟಿತು. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಕಬ್ಬಿಣದ ಮಾತ್ರೆ ಅಲ್ಲಿ ಉಚಿತವಾಗಿ ಸಿಗುತ್ತದೆ. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಗರ್ಭಿಣಿ ಅಲ್ಲದವರಿಗೆ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ನಿಮ್ಮ ಸಮಿತಿ ಈ ವರ್ಷ ಬೇರೇನೂ ಮಾಡದೆ ಒಂದು ಓಣಿಯ ನಲವತ್ತು ಹೆಂಗಸರನ್ನು ಮೂರು ಸಲ ಪರೀಕ್ಷೆ ಮಾಡಿಸಿದರೆ ನನಗೆ ತುಂಬಾ ಖುಷಿಯಾಗುತ್ತದೆ. ಆ ಓಣಿಯ ಆಶಾ ಕಾರ್ಯಕರ್ತೆಯನ್ನು ಮೊದಲ ಸಭೆಗೇ ಕರೆಯಿರಿ, ಯಾರ ಮನೆಯ ಬಾಗಿಲು ಯಾವಾಗ ತೆರೆದಿರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ನಾನು ಖಜಾಂಚಿ. ದಸರೆಯ ಮೇಳಕ್ಕೆ ಹಣ ಸೇರಿಸುವ ಕಮಿಟಿಯವರು ಅಧ್ಯಕ್ಷೆಯ ಸ್ವಂತ ಫೋನ್‌ಪೇ ಕ್ಯೂಆರ್ ಕೋಡನ್ನೇ ಗ್ರೂಪಿಗೆ ಹಾಕಿದ್ದಾರೆ. ಅವರು ಒಳ್ಳೆಯವರು, ಒಂದು ಪೈಸೆ ಮುಟ್ಟುವವರಲ್ಲ. ಬೇಡ ಅಂದರೆ ಅನುಮಾನ ಪಟ್ಟ ಹಾಗಾಗುತ್ತದೆ. — ಹಾಸನ ಜಿಲ್ಲೆಯಿಂದ

ಅವರು ಒಳ್ಳೆಯವರು ಅನ್ನುವ ಕಾರಣಕ್ಕೇ ಇವತ್ತೇ ನಿಲ್ಲಿಸಿ. ನಾಳೆ ಯಾರೋ ಒಬ್ಬರು "ಆ ಐದು ಸಾವಿರ ಏನಾಯ್ತು?" ಅಂತ ಕೇಳಿದರೆ ಆ ಒಳ್ಳೆಯ ಹೆಂಗಸಿನ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಮಗನ ಫೀಸು, ಗ್ಯಾಸ್ ಬಿಲ್ಲು, ಕ್ಲಬ್ಬಿನ ಚಂದಾ ಎಲ್ಲ ಒಂದೇ ಪಾಸ್‌ಬುಕ್ಕಿನಲ್ಲಿ ಕಲಸಿಹೋಗಿರುತ್ತದೆ. ಇದನ್ನು ಅವರಿಗೆ ಹೀಗೇ ಹೇಳಿ, ಒಬ್ಬರೇ ಇರುವಾಗ ಹೇಳಿ.

ಖಾತೆ ಸಮಾಜದ ಹೆಸರಿನಲ್ಲಿ, ಸಮಾಜದ ಪ್ಯಾನ್ ಮೇಲೆ ಇರಬೇಕು. ಹಣ ತೆಗೆಯಲು ಇಬ್ಬರ ಸಹಿ ಇರಲಿ. ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಕ್ಯೂಆರ್ ಕೋಡ್ ಬೇಕಾದರೆ ನಿಮ್ಮ ಬ್ಯಾಂಕಿನಲ್ಲೇ ಸಮಾಜದ ಖಾತೆಗೆ ಕೇಳಿ. ನಗದು ಬಂದರೆ ನಂಬರ್ ಇರುವ ರಸೀದಿ ಪುಸ್ತಕದಿಂದ ಅಲ್ಲೇ ರಸೀದಿ ಹರಿದುಕೊಡಿ. ಹರಿದ ಪುಸ್ತಕ, ಹರಿಯದ ಪುಸ್ತಕ ಎರಡೂ ಮೇಳ ಮುಗಿದ ವಾರದೊಳಗೆ ನಿಮ್ಮ ಕೈಗೆ ವಾಪಸ್ ಬರಬೇಕು. ನಿಮ್ಮ ಸಮಾಜಕ್ಕೆ 80ಜಿ ಅಂತ ಕರೆಯುವ, ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ಇದ್ದರೆ ಇನ್ನೊಂದು ಮಾತು: 2,000 ರೂಪಾಯಿ ದಾಟಿದ ನಗದು ದಾನಕ್ಕೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತ ಕೊಡುವವರಿಗೆ ಚೆಕ್ ಅಥವಾ ಆನ್‌ಲೈನ್ ಅಂತ ಮೊದಲೇ ಹೇಳಿಬಿಡಿ.

ಈಗಾಗಲೇ ಅವರ ಖಾತೆಗೆ ಬಂದದ್ದನ್ನು ಪಟ್ಟಿ ಮಾಡಿ, ಅಷ್ಟೂ ಮೊತ್ತವನ್ನು ಒಂದೇ ಸಲ ಸಮಾಜದ ಖಾತೆಗೆ ಹಾಕಿಸಿ. ಮುಂದಿನ ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿ.

ಪ್ರಶ್ನೆ: ವಾಟ್ಸಾಪ್ ಗ್ರೂಪಿನಲ್ಲಿ ಹದಿನಾಲ್ಕು ಜನ ಹೆಬ್ಬೆರಳು ಒತ್ತಿದರೆ ಅದು ನಿರ್ಣಯ ಆಗುತ್ತದಾ? — ಶಿರಸಿ

ಬೈಲಾದಲ್ಲಿ, ಅಂದರೆ ಸಮಾಜದ ನಿಯಮಾವಳಿಯಲ್ಲಿ, ಹಾಗೆ ಬರೆದಿಲ್ಲದಿದ್ದರೆ ಅದು ಬರೀ ಅಭಿಪ್ರಾಯ. ಶಾಮಿಯಾನದ ಬಣ್ಣಕ್ಕೆ, ತಿಂಡಿಗೆ ಅಷ್ಟು ಸಾಕು. ದುಡ್ಡಿನ ವಿಷಯವಾದರೆ ಕೋರಂ (ನಿಯಮದಂತೆ ಬೇಕಾದಷ್ಟು ಸದಸ್ಯರ ಹಾಜರಿ) ಇರುವ ಸಭೆಯಲ್ಲಿಟ್ಟು, ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಪ್ರಶ್ನೆ: ಹೊಲಿಗೆ ಯಂತ್ರ ಕೊಡುವ ಸಮಿತಿಯಲ್ಲಿ ಎರಡು ತಿಂಗಳು ಓಡಾಡಿ ಆರು ಜನರನ್ನು ಆರಿಸಿದೆವು. ಕಾರ್ಯಕಾರಿ ಸಮಿತಿ ಒಂದೇ ಮಾತಿನಲ್ಲಿ ಮೂರು ಹೆಸರು ತೆಗೆದು ಬೇರೆ ಹಾಕಿತು. ಹಾಗಾದರೆ ನಾವು ಯಾಕೆ ಬೇಕು? — ಸಾಗರದಿಂದ, ತುಂಬಾ ನೋವಿನಿಂದ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಬಿಸಿಲಲ್ಲಿ ಮನೆಮನೆಗೆ ಹೋದವರು ನೀವು. ನಿಯಮದ ಪ್ರಕಾರ ಕೊನೆಯ ಮಾತು ಕಾರ್ಯಕಾರಿ ಸಮಿತಿಯದೇ, ಅದರಲ್ಲಿ ತಪ್ಪಿಲ್ಲ. ಸದಸ್ಯರಿಗೆ, ಸಂಘಗಳನ್ನು ನೋಂದಣಿ ಮಾಡುವ ರಿಜಿಸ್ಟ್ರಾರಿಗೆ ಉತ್ತರ ಹೇಳಬೇಕಾದವರು ಅವರು. ತಪ್ಪಾದದ್ದು ಕಾರಣ ಹೇಳದೆ ತೆಗೆದದ್ದು. ನೀವು ಕಾರಣ ಕೇಳಿ, ಅದು ನಡಾವಳಿಯಲ್ಲಿ ಬರಲಿ ಅಂತ ಕೇಳಿ. ಮುಂದಿನ ಸಲ ಹೆಸರುಗಳನ್ನು ಕೊಡುವ ಮೊದಲು ಆರಿಸುವ ಅಳತೆಯನ್ನು ಒಪ್ಪಿಸಿಕೊಳ್ಳಿ. ಹೊಲಿಗೆ ಬರಬೇಕಾ, ವಿಧವೆಯರಿಗೆ ಮೊದಲಾ, ಮನೆಯಲ್ಲಿ ಇನ್ನೊಬ್ಬರು ದುಡಿಯುವವರಿದ್ದರೆ ಏನು, ಸದಸ್ಯರ ಮನೆಗೆಲಸದವರಿಗೆ ಕೊಡಬಹುದಾ? ಈ ಅಳತೆಗೆ ಮೊದಲೇ ಗೊತ್ತುವಳಿ ಆಗಿದ್ದರೆ ಆಮೇಲೆ ಹೆಸರು ಬದಲಾಯಿಸುವುದು ಅಷ್ಟು ಸುಲಭವಲ್ಲ.

ಯಂತ್ರದ ಮಾತು ಬಂದದ್ದರಿಂದ ಇದನ್ನೂ ಕೇಳಿ. ನಾವು ಒಮ್ಮೆ ಎಂಟು ಯಂತ್ರ ಕೊಟ್ಟೆವು. ವರ್ಷ ಕಳೆದು ನೋಡಲು ಹೋದರೆ ಐದು ಮನೆಯಲ್ಲಿ ಅದರ ಮೇಲೆ ಬಟ್ಟೆ ಹೊದಿಸಿ, ಮೇಲೆ ದೇವರ ಫೋಟೊನೋ ಟಿವಿಯೋ ಇಟ್ಟಿದ್ದರು. ಒಬ್ಬರಿಗೆ ಸೂಜಿ ಮುರಿದಿತ್ತು, ಒಬ್ಬರಿಗೆ ಬೆಲ್ಟ್ ಹೋಗಿತ್ತು, ಇನ್ನೊಬ್ಬರಿಗೆ ರವಿಕೆ ಕತ್ತರಿಸಲು ಬರುತ್ತಿರಲಿಲ್ಲ, ಕೊಡುವ ಮೊದಲು ನಾವು ಕೇಳಿಯೂ ಇರಲಿಲ್ಲ. ಅಂದಿನಿಂದ ಯಂತ್ರ ಕೊಟ್ಟ ದಿನ ಸಮಿತಿಯ ಕೆಲಸ ಮುಗಿಯುವುದಿಲ್ಲ. ಸಮಿತಿಯ ಒಬ್ಬೊಬ್ಬರಿಗೆ ಎರಡೆರಡು ಮನೆ, ಒಂದು ವರ್ಷ. ತಿಂಗಳಿಗೊಮ್ಮೆ ಹೋಗಿ ನೋಡುವುದು, ರಿಪೇರಿಯವರನ್ನು ಕಳಿಸುವುದು, ಸಾಧ್ಯವಾದರೆ ನಮ್ಮದೇ ಸೀರೆಗೆ ಫಾಲ್ ಹಾಕಲು ಕೊಟ್ಟು ಕೂಲಿ ಕೊಡುವುದು. ನಿಮ್ಮ ಆರು ಜನರಲ್ಲಿ ಉಳಿದ ಮೂವರನ್ನೂ, ಹೊಸದಾಗಿ ಬಂದ ಮೂವರನ್ನೂ ಹೀಗೇ ನೋಡಿಕೊಳ್ಳಿ. ಬಿಟ್ಟುಹೋದ ಮೂವರ ಮನೆಗೆ ಮಾತ್ರ ನೀವೇ ಹೋಗಿ, ಈ ಸಲ ಆಗಲಿಲ್ಲ ಅಂತ ಹೇಳಿ ಬನ್ನಿ. ಅವರು ಬೇರೆಯವರಿಂದ ಕೇಳಬಾರದು.

ಪ್ರಶ್ನೆ: ನಮ್ಮಲ್ಲಿ ಹದಿನೈದು ವರ್ಷದಿಂದ ಅದೇ ನಾಲ್ಕು ಜನ ಸರದಿಯಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ ಆಗುತ್ತಾರೆ. ಹುದ್ದೆಗೆ ಹೆಸರು ಸೂಚಿಸುವ ನಾಮನಿರ್ದೇಶನ ಸಮಿತಿಯಲ್ಲೂ ಅವರೇ. — ಹೆಸರು, ಊರು ಬೇಡ ಎಂದಿದ್ದಾರೆ

ಆ ನಾಲ್ವರನ್ನು ಬೈಯುವ ಮೊದಲು ಒಂದು ಕೇಳುತ್ತೇನೆ. ಹೋದ ವಾರ್ಷಿಕ ಸಭೆಯಲ್ಲಿ "ಯಾರಾದರೂ ಬರ್ತೀರಾ?" ಅಂದಾಗ ಉಳಿದವರು ತಲೆ ತಗ್ಗಿಸಿ ಕೂತಿದ್ದರಾ? ಎಷ್ಟೋ ಕಡೆ ಹಾಗೇ ಆಗಿರುತ್ತದೆ. ಹಾಗಲ್ಲದೆ ನಿಜಕ್ಕೂ ದಾರಿ ಬಿಡುತ್ತಿಲ್ಲ ಅಂದರೆ ಬೈಲಾ ತಿದ್ದುಪಡಿಗೆ ಸೂಚನೆ ಕೊಡಿ. ಹುದ್ದೆಗೆ ನಿಲ್ಲುವವರು ನಾಮನಿರ್ದೇಶನ ಸಮಿತಿಯಲ್ಲಿ ಇರಬಾರದು, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿ ಸಾಕು, ಇಷ್ಟು ಸೇರಿಸಿದರೆ ಬಾಗಿಲು ತೆರೆಯುತ್ತದೆ.

ಕಾನೂನಿನ ದಾರಿಯೂ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಣಿ ಆಗಿದ್ದರೆ ವಾರ್ಷಿಕ ಸಭೆ ಪ್ರತಿ ವರ್ಷ ನಡೆಯಲೇಬೇಕು, ಆಡಳಿತ ಮಂಡಳಿಯ ಪಟ್ಟಿ ಸಭೆಯಾದ 14 ದಿನದೊಳಗೆ ರಿಜಿಸ್ಟ್ರಾರಿಗೆ ಹೋಗಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಸೇರಿ ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ಮಾಡಿಸಬೇಕಾಗುತ್ತದೆ. ಆದರೆ ಅಲ್ಲಿಗೆ ಹೋದ ಮೇಲೆ ಒಟ್ಟಿಗೆ ಕೂತು ಕಾಫಿ ಕುಡಿಯುವ ದಿನ ಮತ್ತೆ ಬರುವುದು ಕಷ್ಟ. ಲೆಕ್ಕದಲ್ಲಿ ಮೋಸ ಇದೆ ಅನ್ನಿಸಿದರೆ ಹಿಂಜರಿಯಬೇಡಿ, ಹೋಗಿ. ಬರೀ ಹುದ್ದೆಯ ವಿಷಯವಾದರೆ ಬೈಲಾ ತಿದ್ದಿ ನೋಡಿ. ಮತ್ತೆ, ಈ ವರ್ಷ ನೀವೇ ಕಾರ್ಯದರ್ಶಿ ಹುದ್ದೆಗೆ ಹೆಸರು ಕೊಡಿ.

ಪ್ರಶ್ನೆ: ಸಮಾಜದ ಶಿಶುವಿಹಾರ, ಹಾಸ್ಟೆಲ್ ಸೇರಿ ಹದಿಮೂರು ಜನ ಕೆಲಸಕ್ಕಿದ್ದಾರೆ. ಎಲ್ಲ ಹೆಂಗಸರೇ ನಡೆಸುವ ಸಂಸ್ಥೆಗೂ ಲೈಂಗಿಕ ಕಿರುಕುಳದ ಸಮಿತಿ ಬೇಕಾ? — ದಾವಣಗೆರೆ

ಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಹತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ನಿಮ್ಮಲ್ಲಿ ವ್ಯಾನ್ ಡ್ರೈವರ್, ವಾಚ್‌ಮನ್, ಸಾಮಾನು ತರುವವರು ಇದ್ದೇ ಇರುತ್ತಾರಲ್ವಾ? ಕಾರ್ಯಕಾರಿ ಸಮಿತಿಯೇ ಅದನ್ನು ನೋಡಿಕೊಳ್ಳುತ್ತದೆ ಅಂದರೆ ಆಗುವುದಿಲ್ಲ. ಸಿಬ್ಬಂದಿಯಲ್ಲಿ ಹಿರಿಯ ಮಹಿಳೆ ಅಧ್ಯಕ್ಷೆಯಾಗಬೇಕು, ಸಿಬ್ಬಂದಿಯಿಂದ ಇನ್ನಿಬ್ಬರಾದರೂ ಇರಬೇಕು, ಹೊರಗಿನ ಸಂಸ್ಥೆಯಿಂದ ಒಬ್ಬರು ಇರಬೇಕು. ಅಡುಗೆಯ ಹೆಂಗಸಿಗೂ ಆಯಾಗೂ ಕಾಣುವ ಹಾಗೆ ಆ ನಾಲ್ವರ ಹೆಸರನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕಿ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, 34 ವರ್ಷ. ಕ್ಲಬ್ ಸೇರಲು ಆಸೆ. ಸಭೆ ಮಾತ್ರ ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಕೇಳಿದರೆ "ಮೊದಲಿಂದಲೂ ಹಾಗೇ" ಅಂದರು. — ಶಿವಮೊಗ್ಗ

ಇನ್ನರ್ ವೀಲ್ ಶುರು ಮಾಡಿದ ಮಾರ್ಗರೆಟ್ ಗೋಲ್ಡಿಂಗ್ ನರ್ಸ್ ಆಗಿದ್ದವರು, ವ್ಯಾಪಾರ ನಡೆಸುತ್ತಿದ್ದವರು. 1924ರ ಜನವರಿ 10ರಂದು ಮ್ಯಾಂಚೆಸ್ಟರಿನಲ್ಲಿ ಮೊದಲ ಕ್ಲಬ್ ಕಟ್ಟಿದ್ದು ಅಂಥ ದುಡಿಯುವ ಹೆಂಗಸು. ಹಾಗಿರುವಾಗ ದುಡಿಯುವವರು ಬರಲಾಗದ ಹೊತ್ತನ್ನೇ ಸಭೆಗೆ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಹಳಬರ ಕಷ್ಟವೂ ಇದೆ. ಎಪ್ಪತ್ತು ದಾಟಿದವರಿಗೆ ಕತ್ತಲಾದ ಮೇಲೆ ಆಟೊ ಹತ್ತಲು ಭಯ.

ಸೇರಿ, ಸೇರುವಾಗಲೇ ಕೇಳಿ: ಸಾಮಾನ್ಯ ಸಭೆಗೆ ತಪ್ಪಿಸಿಕೊಂಡರೂ ಒಂದು ಸಮಿತಿಯಲ್ಲಿ ಪೂರ್ತಿ ಕೆಲಸ ಮಾಡುತ್ತೇನೆ, ಆ ಸಮಿತಿ ಭಾನುವಾರ ಬೆಳಿಗ್ಗೆ ಕೂರಲಿ ಅಂತ. ಹಾಜರಾತಿಯ ನಿಯಮ ಏನಿದೆ ಅಂತ ಬೈಲಾ ನೋಡಿಕೊಳ್ಳಿ. ನಮ್ಮಲ್ಲಿ ಒಬ್ಬ ಪಿಯುಸಿ ಲೆಕ್ಚರರ್ ಹೀಗೆ ಬಂದರು. ಸ್ಕಾಲರ್‌ಶಿಪ್ ಸಮಿತಿಯನ್ನು ಭಾನುವಾರ ಒಂಬತ್ತಕ್ಕೆ ಅವರ ಮನೆಯಲ್ಲೇ ಸೇರಿಸುತ್ತಿದ್ದರು. ಮೊದಲ ಸಲ ಮೂವರು ಹೋದೆವು. ಮೂರನೇ ತಿಂಗಳಿಗೆ ನಮ್ಮ ಹಿರಿಯರೊಬ್ಬರು, 74 ವರ್ಷದವರು, ಮಗನ ಸ್ಕೂಟರಿನಲ್ಲಿ ಬಂದಿಳಿದು, "ಅರ್ಜಿ ಓದೋಕೆ ನನಗೂ ನಾಲ್ಕು ಕೊಡಿ, ಕನ್ನಡಕ ತಂದಿದೀನಿ" ಅಂದರು.