ಗುಂಡಿಗೆಯಲ್ಲಿ ನೀರುಗುಳ್ಳೆ, ಮನೆಯಲ್ಲಿ ಬೇರೆ ತಾಟು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಕುರಿ ಕಾಯುವ ಮನೆತನದ, ನಲವತ್ತರ ಆಸುಪಾಸಿನ ಇವರು ಆಪರೇಷನ್ ಬೇಡ ಅಂತ ಹಟ ಹಿಡಿದಿದ್ದರು. ಅದಕ್ಕೇ ಹೃದಯ ವಿಭಾಗದವರು ನನ್ನ ಬಳಿ ಕಳಿಸಿದರು. ಎಚ್ಚರ ತಪ್ಪಿ ಬಿದ್ದಾಗ ಊರಲ್ಲಿ ಗಾಳಿ ಸೋಂಕು ಅಂದು ತಾಯತ ಕಟ್ಟಿಸಿದ್ದರು. ಇಸಿಜಿಯಲ್ಲಿ ಹಾರ್ಟ್ ಬ್ಲಾಕ್, ಅಂದರೆ ಮಿಡಿತದ ಕರೆಂಟ್‌ಗೆ ತಡೆ, ಕಂಡಿತು. ಎಕೋ (ಗುಂಡಿಗೆಯ ಸ್ಕ್ಯಾನ್) ಮಾಡಿದರೆ, ಗುಂಡಿಗೆಯ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹೈಡಾಟಿಡ್ ನೀರುಗುಳ್ಳೆ, ಅಂದರೆ ಒಂದು ಬಗೆಯ ಲಾಡಿಹುಳದ ಮರಿಯಿಂದ ಆಗುವ ನೀರು ತುಂಬಿದ ಗುಳ್ಳೆ.

"ಗುಳಗಿ ನುಂಗಿದ್ರ ಹುಳ ಸಾಯಂಗಿಲ್ಲೇನ್ರೀ?" ಅಂದರು. ಹೆಂಡತಿ ಬಾಗಿಲ ಹತ್ತಿರವೇ ನಿಂತಿದ್ದರು. "ಅವರ ತಾಟು, ಚರಿಗಿ ಬ್ಯಾರೆ ಇಟ್ಟೀನ್ರಿ. ಹುಡುಗ್ರನ್ನ ಮಗ್ಗಲಕ್ಕ ಬಿಡಂಗಿಲ್ಲ." ಗಂಡ ತಲೆ ತಗ್ಗಿಸಿದರು. ಆಪರೇಷನ್ ಭಯಕ್ಕಿಂತ ಇದೇ ಅವರನ್ನು ಜಾಸ್ತಿ ಕುಗ್ಗಿಸಿತ್ತು. ಹಾಗಾಗಿ ಮೊದಲು ಹೆಂಡತಿಯನ್ನು ಕೂರಿಸಿಕೊಂಡೆ.

ಈ ಹುಳ ಬೆಳೆಯುವುದು ನಾಯಿಯ ಕರುಳಲ್ಲಿ. ಅದರ ಮೊಟ್ಟೆ ನಾಯಿಯ ಮಲದಿಂದ ಕೈಗೆ, ಸೊಪ್ಪಿಗೆ, ನೀರಿಗೆ ಸೇರಿ ನಮ್ಮ ಬಾಯಿಗೆ ಬರುತ್ತದೆ. ಹೆಚ್ಚಿನವು ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನಿಲ್ಲುತ್ತವೆ. ಗುಂಡಿಗೆಗೆ ಹೋಗುವುದು ನೂರರಲ್ಲಿ ಒಂದೋ ಎರಡೋ. ಗಂಡನಿಂದ ಹೆಂಡತಿ ಮಕ್ಕಳಿಗೆ ಇದು ಅಂಟುವುದೇ ಇಲ್ಲ, ಒಂದೇ ತಾಟಲ್ಲಿ ಉಂಡರೂ. "ಖರೇನ?" ಅಂತ ಮತ್ತೆ ಮತ್ತೆ ಕೇಳಿದರು.

ಆಮೇಲೆ ಇಬ್ಬರಿಗೂ ಇಸಿಜಿ ಕಾಗದ ತೋರಿಸಿದೆ. ಮೇಲಿನ ಕೋಣೆಯ ಪುಟ್ಟ ಉಬ್ಬುಗಳು ತಮ್ಮ ಪಾಡಿಗೆ ಸಾಲಾಗಿದ್ದವು. ಕೆಳಗಿನ ಕೋಣೆಯ ಎತ್ತರದ ಗೆರೆಗಳು ಮಾತ್ರ ದೂರ ದೂರ. ಮಿಡಿತದ ಕರೆಂಟ್ ಕೆಳಗಿಳಿಯುವ ದಾರಿ ಆ ಗೋಡೆಯೊಳಗೇ ಇದೆ, ಗುಳ್ಳೆ ಅದನ್ನು ಒತ್ತುತ್ತಿದೆ. ಮಿಡಿತ ತೀರಾ ನಿಧಾನವಾದಾಗ ಮಿದುಳಿಗೆ ರಕ್ತ ಸಾಲದೆ ನೀವು ಬೀಳುತ್ತೀರಿ ಅಂದೆ. ಹುಳ ಕೊಲ್ಲುವ ಅಲ್ಬೆಂಡಜೋಲ್ ಗುಳಿಗೆ ಬೇಕೇ ಬೇಕು. ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಗುಳ್ಳೆ ಒಡೆದರೆ ತೀವ್ರ ಅಲರ್ಜಿಯಿಂದ ಜೀವಕ್ಕೇ ಕುತ್ತು. ಚೂರುಗಳು ರಕ್ತದ ಜೊತೆ ಮಿದುಳಿಗೂ ಹೋಗಬಹುದು.

ಊರಿಗೆ ಹೋಗಿ ಜಾತ್ರೆ ಮುಗಿಸಿ ಬರುತ್ತೇನೆ ಅಂದಾಗ ಖಡಾಖಂಡಿತವಾಗಿ ಬೇಡ ಅಂದೆ. ಆಪರೇಷನ್ ಆಗುವ ತನಕ ವಾರ್ಡಿನಲ್ಲೇ ಇರಬೇಕು, ಮಿಡಿತದ ಮೇಲೆ ಕಣ್ಣಿಟ್ಟಿರಬೇಕು. ಗುಳಿಗೆಯನ್ನು ಜಿಡ್ಡಿರುವ ಊಟದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಲಿವರ್ ಪರೀಕ್ಷೆ, ರಕ್ತಪರೀಕ್ಷೆ ತಪ್ಪಿಸಬಾರದು. ಆಪರೇಷನ್ ಆದಮೇಲೂ ಬ್ಲಾಕ್ ಉಳಿದರೆ ಮಿಡಿತ ನಡೆಸುವ ಪುಟ್ಟ ಯಂತ್ರ, ಪೇಸ್‌ಮೇಕರ್, ಹಾಕಬೇಕಾಗಬಹುದು. ಇದನ್ನು ಈಗಲೇ ಹೇಳಿಬಿಟ್ಟೆ, ಆಮೇಲೆ ತಿಳಿದರೆ ನಂಬಿಕೆ ಹೋಗುತ್ತದೆ ಅಲ್ವಾ? ಅವರು ಸಹಿ ಹಾಕಲು ಒಪ್ಪಿದರು.

ಹಟ್ಟಿಯ ನಾಯಿಗಳನ್ನು ಕೊಲ್ಲಿಸುತ್ತೇನೆ ಅಂದರು. ಅದು ಬೇಡ, ಪಶುವೈದ್ಯರ ಹತ್ತಿರ ಹುಳದ ಔಷಧಿ ಪ್ರಾಜಿಕ್ವಾಂಟೆಲ್ ಹಾಕಿಸಿ ಅಂದೆ. ಕುರಿ ಕೊಯ್ದಾಗ ಗುಳ್ಳೆ ಕಂಡ ಲಿವರ್, ಶ್ವಾಸಕೋಶವನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ, ಅದನ್ನು ತಿಂದೇ ನಾಯಿಗೆ ಈ ಹುಳ ಬರುವುದು.

"ಹಂಗಾದ್ರ ನಾವೂ ತಪಾಸಣಿ ಮಾಡಿಸ್ಬೇಕೇನ್ರಿ?" ಹೆಂಡತಿ ಕೇಳಿದರು. ಹೌದು. ಅದೇ ಅಂಗಳ, ಅದೇ ನಾಯಿಗಳು. ಮಕ್ಕಳೂ ಸೇರಿ ಎಲ್ಲರೂ ಒಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂತ ಚೀಟಿ ಬರೆಸಿಕೊಟ್ಟೆ.