ಕೇಳಿ ತಿಳಿಯಿರಿ: ಮುಂಬೈಯ ಮಾಟುಂಗಾದಲ್ಲಿ ಏನಿದೆ?

ಪ್ರಶ್ನೆ: ಮಗಳಿಗೆ ಮುಂಬೈಯಲ್ಲಿ ಕೆಲಸ ಸಿಕ್ಕಿದ್ದು, ನಾವು ದಂಪತಿ ಕೆಲವು ದಿನ ಅವಳೊಡನೆ ಇದ್ದು ಬರಲಿದ್ದೇವೆ. ಬಲ್ಲವರೆಲ್ಲ ಮಾಟುಂಗಾವನ್ನು ತಪ್ಪದೆ ನೋಡಿ ಎನ್ನುತ್ತಾರೆ. ಆದರೆ ಪ್ರವಾಸದ ಪುಸ್ತಕಗಳಲ್ಲಿ ಅದರ ಹೆಸರು ಅಷ್ಟಾಗಿ ಕಾಣಲಿಲ್ಲ. ಅಲ್ಲಿನ ವಿಶೇಷವೇನು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾಟುಂಗಾದಲ್ಲಿ ಒಂದು ಸ್ಮಾರಕದ ಮುಂದೆ ನಿಂತು, ನೋಡಿ ಮುಗಿಸಿ ಬರುವಂಥದ್ದು ಹೆಚ್ಚೇನೂ ಇಲ್ಲ. ನೋಡಬೇಕಾದದ್ದು ಆ ಬಡಾವಣೆಯನ್ನೇ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಗಾಳಿ ಬೆಳಕಿಲ್ಲದ ಹಳೆಯ ಕೇರಿಗಳಲ್ಲಿ ಸಾವಿರಾರು ಜನ ಸತ್ತರು. ಊರು ಬಿಟ್ಟು ಓಡಿದವರು ಇನ್ನೂ ಹೆಚ್ಚು. ಆ ಭೀತಿಯ ನಡುವೆಯೇ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿಕೊಂಡಿತು. ಕಿಕ್ಕಿರಿದ ನಗರದಿಂದ ಉತ್ತರಕ್ಕೆ, ಆಗ ಗದ್ದೆ ತೋಟಗಳೇ ಹೆಚ್ಚಾಗಿದ್ದ ದಾದರ್–ಮಾಟುಂಗಾ ಭಾಗದಲ್ಲಿ ಜಮೀನು ವಶಪಡಿಸಿಕೊಂಡು, ಮೊದಲು ರಸ್ತೆ, ಚರಂಡಿ, ಉದ್ಯಾನಗಳಿಗೆ ಜಾಗ ಗುರುತು ಮಾಡಿ, ಆಮೇಲೆ ನಿವೇಶನ ಹಂಚುವ ಕ್ರಮವನ್ನು ಅದು ಕೈಗೊಂಡಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡದ್ದೂ ಅದೇ ಪ್ಲೇಗಿನ ಕಾಲದಲ್ಲಿ ಎಂಬುದನ್ನು ನೆನೆದರೆ, ಮಾಟುಂಗಾದ ಮರಗಳ ನೆರಳಿನ ರಸ್ತೆಗಳು ನಮಗೆ ಏಕೆ ಅಪರಿಚಿತವೆನಿಸುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಆದರೆ ಮನೆಗಳ ವಿಷಯದಲ್ಲಿ ಮಾಟುಂಗಾ ಬೇರೆ ದಾರಿ ಹಿಡಿಯಿತು. ಇಲ್ಲಿ ಎದ್ದದ್ದು ಬಹುಪಾಲು ವಠಾರವೂ ಅಲ್ಲದ, ಬಂಗಲೆಯೂ ಅಲ್ಲದ, ಎರಡು ಮೂರು ಮಹಡಿಯ ಫ್ಲ್ಯಾಟುಗಳ ಕಟ್ಟಡಗಳು. ರೈಲ್ವೆ, ಬ್ಯಾಂಕು, ವ್ಯಾಪಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ, ಟೈಪಿಸ್ಟರಾಗಿ ದುಡಿಯಲು ದಕ್ಷಿಣದಿಂದ ಬಂದ ಕುಟುಂಬಗಳು 1920 ಮತ್ತು 30ರ ದಶಕಗಳಲ್ಲಿ ಇವುಗಳಲ್ಲಿ ಬಾಡಿಗೆಗೆ ನೆಲೆಸಿದವು. ಚಾಳುಗಳಲ್ಲಿ ನಲ್ಲಿಯೂ ಶೌಚಾಲಯವೂ ಹತ್ತಾರು ಮನೆಗಳಿಗೆ ಸೇರಿ ಇರುತ್ತಿದ್ದ ಕಾಲದಲ್ಲಿ, ಮನೆಯೊಳಗೇ ಸ್ನಾನದ ಮನೆ, ಶೌಚಾಲಯ ಎರಡೂ ಇರುವುದು ಮಡಿ ಮೈಲಿಗೆ ನೋಡುತ್ತಿದ್ದ ಆ ಕುಟುಂಬಗಳಿಗೆ ಎಷ್ಟು ದೊಡ್ಡ ಸಂಗತಿಯಾಗಿತ್ತೆಂಬುದನ್ನು ಇಂದು ಊಹಿಸುವುದೂ ಕಷ್ಟ. ದುಂಡಾದ ಮೂಲೆಯ ಬಾಲ್ಕನಿಗಳು, ಮೆಟ್ಟಿಲಸಾಲಿನ ನೀಳ ಕಿಟಕಿಗಳು, ಬಾಗಿಲ ಮೇಲೆ ಕೊರೆದ ಕಟ್ಟಡದ ಹೆಸರು—ಇವನ್ನು ನೋಡುತ್ತ ನಿಧಾನವಾಗಿ ನಡೆಯಿರಿ. ಇವುಗಳಲ್ಲಿ ಹಲವು ಈಗಾಗಲೇ ಬಹುಮಹಡಿ ಗೋಪುರಗಳಿಗೆ ಜಾಗ ಬಿಟ್ಟುಕೊಟ್ಟಿವೆ. ಸೋರುವ ಮನೆಯಲ್ಲಿ ಇರುವವರಿಗೆ ಹೊಸ ಮನೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ, ನಿಜ. ಆದರೂ ರಸ್ತೆಯ ಅಗಲಕ್ಕೆ ತಕ್ಕ ಎತ್ತರ ಎಂಬ ಹಳೆಯ ಅಳತೆ ಕೈಬಿಟ್ಟುಹೋಗುತ್ತಿರುವುದು ನನ್ನ ಮಟ್ಟಿಗೆ ನೋವಿನ ವಿಷಯ.

ಅಲ್ಲಿಂದ ದಾದರ್ ಕಡೆಗೆ ಕೆಲವೇ ನಿಮಿಷ ನಡೆದರೆ ಫೈವ್ ಗಾರ್ಡನ್ಸ್ ಸಿಗುತ್ತದೆ. ಪಕ್ಕದ ಪಾರ್ಸಿ ಕಾಲೊನಿಯನ್ನು ರೂಪಿಸಿದ ಎಂಜಿನಿಯರ್ ಮಂಚೇರ್ಜಿ ಜೋಶಿ ಅವರ ಹೆಸರನ್ನೇ ಈ ಉದ್ಯಾನಗಳಿಗೆ ಇಡಲಾಗಿದೆ. ಸಂಜೆ ಇಲ್ಲಿ ಕುಳಿತುಕೊಳ್ಳಲು ಸಮಯ ಉಳಿಸಿಕೊಳ್ಳಿ.

ಪ್ರಶ್ನೆ: ಮಾಟುಂಗಾವನ್ನು ತಮಿಳರ ಪ್ರದೇಶವೆಂದೇ ಹೇಳುವುದನ್ನು ಕೇಳಿದ್ದೇನೆ. ಕನ್ನಡಿಗರ ಗುರುತು ಅಲ್ಲಿ ಉಳಿದಿದೆಯೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಖಂಡಿತ ಉಳಿದಿದೆ. ಸಂಖ್ಯೆಯಲ್ಲಿ ತಮಿಳರು ಮುಂದಿದ್ದರು ಎಂಬುದು ಸರಿ. ಆದರೆ ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ 1926ರಲ್ಲಿಯೇ ಆರಂಭವಾದ ಸಂಸ್ಥೆ. ಕನ್ನಡ ನಾಟಕ, ಸಂಗೀತ, ಉಪನ್ಯಾಸಗಳಿಗೆ ಅದು ತಲೆಮಾರುಗಳಿಂದ ಆಸರೆಯಾಗಿದೆ. ರೈಲು ಹಳಿಯ ಆಚೆ, ಮಾಟುಂಗಾ ಪಶ್ಚಿಮದಲ್ಲಿ, ವಿಶ್ವೇಶ್ವರಯ್ಯನವರ ಹೆಸರಿನ ಸಭಾಗೃಹವಿರುವ ಕರ್ನಾಟಕ ಸಂಘವಿದೆ. ಪ್ರದರ್ಶನವಿರುವ ದಿನವನ್ನು ವಿಚಾರಿಸಿಕೊಂಡು ಹೋದರೆ ಮುಂಬೈ ಕನ್ನಡಿಗರನ್ನು ಒಂದೇ ಕಡೆ ಕಾಣಬಹುದು. ಗೌಡ ಸಾರಸ್ವತರು ಕಿಂಗ್ಸ್ ಸರ್ಕಲ್ ಬಳಿ ಐದು ದಿನ ನಡೆಸುವ ಗಣೇಶೋತ್ಸವವೂ ಕರಾವಳಿಯವರಾದ ನಿಮಗೆ ಹತ್ತಿರದ್ದೆನಿಸೀತು. ಅಲ್ಲಿನ ಮಣ್ಣಿನ ಗಣಪತಿಗೆ ತೊಡಿಸುವ ಚಿನ್ನಾಭರಣ ಇಡೀ ನಗರದಲ್ಲಿ ಹೆಸರುವಾಸಿ.

ಇನ್ನು ಊಟದ ವಿಷಯ. ಮಾಟುಂಗಾ ನಿಲ್ದಾಣದ ಹತ್ತಿರ, ಮಾರುಕಟ್ಟೆ ಕಟ್ಟಡದ ಮೇಲಂತಸ್ತಿನಲ್ಲಿ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆಯ ಊಟ ಬಡಿಸುತ್ತಿದೆ. ಊರು ಬಿಟ್ಟು ಬಂದು ಒಂಟಿಯಾಗಿ ಬಾಳುತ್ತಿದ್ದ ಗುಮಾಸ್ತರಿಗೆ ಅನ್ನ, ಸಾರು, ಪಲ್ಯ, ಮಜ್ಜಿಗೆಯ ಊಟ ನಿತ್ಯವೂ ಸಿಗುವಂತೆ ಮಾಡಿದ ಇಂಥ ಬೋರ್ಡಿಂಗ್‌ಗಳಿಲ್ಲದಿದ್ದರೆ ಎಷ್ಟೋ ಮಂದಿ ಮುಂಬೈಯಲ್ಲಿ ನಿಲ್ಲುತ್ತಲೇ ಇರಲಿಲ್ಲವೆಂದು ನಾನು ನಂಬುತ್ತೇನೆ. ಆದ್ದರಿಂದ ಇದನ್ನು ಬರಿಯ ಹೋಟೆಲೆಂದು ಎಣಿಸದೆ ಬಡಾವಣೆಯ ಸಂಸ್ಥೆಗಳ ಸಾಲಿಗೇ ಸೇರಿಸುತ್ತೇನೆ. ಬೆಳಗಿನ ತಿಂಡಿಗೆ ಕಿಂಗ್ಸ್ ಸರ್ಕಲ್ ಸುತ್ತಮುತ್ತ ಕೆಫೆ ಮೈಸೂರು, ಕೆಫೆ ಮದ್ರಾಸ್ ಇವೆ. ಭಾನುವಾರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಹಳೆಯ ದಕ್ಷಿಣದ ಕುಟುಂಬಗಳಲ್ಲಿ ಅನೇಕವು ಚೆಂಬೂರು, ಮುಲುಂದ್, ಡೊಂಬಿವಲಿಗಳಿಗೆ ಹೋಗಿ ನೆಲೆಸಿವೆ. ಇಂದು ಇಲ್ಲಿ ಗುಜರಾತಿ, ಕಛ್ಛಿ ಕುಟುಂಬಗಳು ಬಹಳ. ಆದರೂ ಮಾರುಕಟ್ಟೆ ಬದಲಾಗಿಲ್ಲ. ಮೊಳದ ಲೆಕ್ಕದಲ್ಲಿ ಮಾರುವ ಮಲ್ಲಿಗೆ, ಕನಕಾಂಬರದ ಮಾಲೆಗಳು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಬಾಳೆಯೆಲೆಯ ಕಟ್ಟು, ಕೆಸುವಿನೆಲೆ, ಬಾಳೆದಿಂಡು, ಮಂಗಳೂರು ಸೌತೆ, ಕುಚ್ಚಲಕ್ಕಿ—ಚೆಂಬೂರಿಗೆ ಹೋದವರು ಹಬ್ಬದ ಮುನ್ನಾದಿನ ಇವಕ್ಕಾಗಿ ಇಲ್ಲಿಗೇ ಮರಳಿ ಬರುತ್ತಾರೆ.

ಪ್ರಶ್ನೆ: ಲೋಕಲ್ ರೈಲಿನಲ್ಲಿ ಹೋಗುವುದಾದರೆ ಎಲ್ಲಿ ಇಳಿಯಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಾರುಕಟ್ಟೆ, ಬೋರ್ಡಿಂಗ್, ದೇವಸ್ಥಾನಗಳಿಗೆ ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಿ ಇಳಿದು ಪೂರ್ವದ ಕಡೆಗೆ ಹೊರಬನ್ನಿ. 2017ರಿಂದ ಮಹಿಳೆಯರೇ ನಡೆಸುತ್ತಿರುವ ನಿಲ್ದಾಣವೆಂದು ಹೆಸರಾದದ್ದು ಇದೇ. ಹಾರ್ಬರ್ ಮಾರ್ಗದವರಿಗೆ ಕಿಂಗ್ಸ್ ಸರ್ಕಲ್ ನಿಲ್ದಾಣ ಅನುಕೂಲ. ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್ ಬೇರೆಯೇ ನಿಲ್ದಾಣ; ಕರ್ನಾಟಕ ಸಂಘಕ್ಕೆ ಹೋಗುವವರು ಅಲ್ಲಿ ಇಳಿಯಬಹುದು. ವೇಗದ ಲೋಕಲ್‌ಗಳು ಮಾಟುಂಗಾದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲವಾದ್ದರಿಂದ ನಿಧಾನದ ಗಾಡಿಯನ್ನೇ ಹತ್ತಿ.