ನಗಾತಾಗೆ ಬರ್ತೀರಾ? ಸಂಘಕ್ಕೆ ಸೇರಿಕೊಳ್ಳಿ

ಏಪ್ರಿಲ್‌ನಲ್ಲಿ ಜಪಾನಿನ ಕೋಬೆ ನಗರದ ನಗಾತಾಗೆ ಬರ್ತೀನಿ, ಬಾಡಿಗೆ ಕಾಗದದ ಜೊತೆ ನಿವಾಸಿಗಳ ಸಂಘ 'ಜಿಚಿಕಾಯ್' ಅರ್ಜಿಯೂ ಇದೆ, ಸೇರಲೇಬೇಕಾ, ಊಟ-ಭಾಷೆ ಹೇಗೆ ಅಂತ ಕೇಳಿದ್ದೀರಿ.

ಬೇಳೆ, ಮಸಾಲೆ ಇಲ್ಲೇ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯಿಂದ ತನ್ನಿ. ಭಾಷೆ ಬರುತ್ತೆ ಬಿಡಿ.

ಸಂಘ ಕಡ್ಡಾಯ ಅಲ್ಲ. ಆದರೂ ಸೇರಿ. ಗಣೇಶನ ಚಂದಾ ಕೇಳಲು ಬಂದ ಹುಡುಗರನ್ನ ಕಡ್ಡಾಯವಾ ಅಂತ ಕೇಳ್ತೀರಾ? ನಾನು ಬಂದ ಹೊಸತರಲ್ಲಿ ಪಕ್ಕದ ಮನೆ ಅಜ್ಜಿ ಒಂದು ಫೈಲ್ ತಂದುಕೊಟ್ಟರು. ಓದಿ ಮುಂದಿನ ಮನೆಗೆ ದಾಟಿಸಬೇಕಂತೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು: ಕಸದ ದಿನ, ಪಾರ್ಕ್ ಗುಡಿಸುವ ದಿನ, ಬೆಂಕಿ ಆರಿಸುವ ಅಭ್ಯಾಸ.

ಆ ಅಭ್ಯಾಸ ಸುಮ್ನೆ ಅಲ್ಲ. ನಗಾತಾದಲ್ಲೇ ಮಾನೊ ಅಂತ ಒಂದು ಕಡೆ ಇದೆ. ಸಣ್ಣ ಕಾರ್ಖಾನೆಗಳು, ಒತ್ತೊತ್ತಾಗಿ ಮರದ ಮನೆಗಳು. 1960ರ ದಶಕದಲ್ಲಿ ಕಾರ್ಖಾನೆ ಹೊಗೆಯ ವಿರುದ್ಧ ಜಗಳಕ್ಕೆ ನಿಂತ ಜನ ಆಮೇಲೆ ಗಿಡ ನೆಟ್ಟರು, ಪಾರ್ಕ್ ಮಾಡಿಸಿದರು, ಬೀದಿಗಳು ಹೇಗಿರಬೇಕು ಅಂತ ತಾವೇ ಕೂತು ಮಾತಾಡಿದರು. ಇದನ್ನೇ ಇಲ್ಲಿ 'ಮಾಚಿಜುಕುರಿ' ಅನ್ನುತ್ತಾರೆ. 1981ರಲ್ಲಿ ಕೋಬೆ ನಗರ ಇಂಥ ಸಮಿತಿಗಳನ್ನು ಗುರುತಿಸುವ ನಿಯಮವನ್ನೇ ತಂದಿತು. 1995ರ ಜನವರಿ 17ರ ಭೂಕಂಪದಲ್ಲಿ ನಗಾತಾ ಹೊತ್ತಿ ಉರಿದಾಗ ಮಾನೊದವರು ಸಾಲಾಗಿ ನಿಂತು ಬಕೆಟ್ ದಾಟಿಸಿದರು. ಹತ್ತಿರದ ಕಾರ್ಖಾನೆಯ ಅಗ್ನಿಶಾಮಕ ತಂಡವೂ ಬಂತು. ಅಲ್ಲಿ ಬೆಂಕಿ ಹೆಚ್ಚು ಹರಡಲಿಲ್ಲ.

ಎಲ್ಲ ಕಡೆಯೂ ಹೀಗೇ ಅಂದುಕೊಳ್ಳಬೇಡಿ. ಶಿನ್-ನಗಾತಾ ಸ್ಟೇಷನ್ನಿನ ದಕ್ಷಿಣಕ್ಕೆ ಒಮ್ಮೆ ನಡೆದು ನೋಡಿ. ಭೂಕಂಪವಾಗಿ ಎರಡೇ ತಿಂಗಳಿಗೆ, ಜನ ಇನ್ನೂ ಶಾಲೆಗಳಲ್ಲಿ ಮಲಗುತ್ತಿದ್ದಾಗಲೇ, ಸುಮಾರು 20 ಹೆಕ್ಟೇರ್‌ಗೆ ನಗರದ ಮರುನಿರ್ಮಾಣ ಪ್ಲಾನ್ ಆಗಿಹೋಯಿತು. ಮೇಲೆ ಎತ್ತರದ ಕಟ್ಟಡ, ಕೆಳಗೆ ಶಟರ್ ಎಳೆದ ಅಂಗಡಿಗಳು.

ಅಲ್ಲಿಗೆ ಹೋದರೆ ನನಗೆ ದಾವಣಗೆರೆಯ ನಮ್ಮ ಮನೆ ನೆನಪಾಗುತ್ತದೆ. ರಸ್ತೆ ಅಗಲ ಮಾಡಬೇಕು ಅಂತ ಒಂದು ದಿನ ಗೋಡೆಗೆ ಕೆಂಪು ಗುರುತು ಹಾಕಿ ಹೋದರು. ಅಪ್ಪ ಒಬ್ಬರೇ ಅರ್ಜಿ ಹಿಡಿದು ಅಲೆದರು. ಬೀದಿಯವರು ಒಂದು ಸಂಜೆಯೂ ಒಟ್ಟಿಗೆ ಕೂರಲಿಲ್ಲ. ಅದೇ ಹೊತ್ತಿಗೆ ನಾನಿಲ್ಲಿ ಪಾರ್ಕಿನ ಬೆಂಚು ಯಾವ ಕಡೆ ಮುಖ ಮಾಡಬೇಕು ಅನ್ನೋ ಸಭೆಯಲ್ಲಿದ್ದೆ! ಜಗಲಿ ಹೋಯಿತು, ಮುಂದಿನ ಕೋಣೆಯೂ ಹೋಯಿತು. ಆ ಸಂಕಟ ಇನ್ನೂ ಇಳಿದಿಲ್ಲ.

ಸಭೆಗೆ ತಾಳ್ಮೆ ಇಟ್ಟುಕೊಂಡು ಹೋಗಿ. ಕೈ ಎತ್ತಿಸಿ ಮುಗಿಸೋದು ಇಲ್ಲಿ ಕಡಿಮೆ, ಎಲ್ಲರೂ ಒಪ್ಪೋವರೆಗೂ ಮಾತು ನಡೆಯುತ್ತದೆ. ಬಾಡಿಗೆಯವನು ಅಂತ ಹಿಂದೆ ಸರಿಯಬೇಡಿ. ಈಗ ಸಂಘದಲ್ಲಿ ವಯಸ್ಸಾದವರೇ ಜಾಸ್ತಿ, ಕೆಲಸಕ್ಕೆ ಜನ ಬೇಕು. ಕಸಕ್ಕೆ ಬಲೆ ಹೊದಿಸೋ ಪಾಳಿ ನಿಮಗೂ ಬೇಗ ಬರುತ್ತದೆ. ಅಂಚಿಗೆ ಭಾರ ಇಡೋದು ಮರೆಯಬೇಡಿ, ಇಲ್ಲಿನ ಕಾಗೆಗಳು ಭಾರೀ ಜೋರು.